ಮುನಿರಾಜು ಅವರು ಕಣ್ಣು ಮುಚ್ಚಿದ್ದು ನಾನು ಕೇಳಿದ್ದಕ್ಕೆ

ಜಯಮ್ಮನವರೇ, ನಿಮ್ಮ ಯಜಮಾನರಿಗೆ ನನ್ನ ಮಾತು ಕೇಳಿಸಿತ್ತು. ಡಾಕ್ಟರುಗಳಿಗೆ ತಿಳಿಯುವ ಹತ್ತು ತಿಂಗಳು ಮೊದಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವತ್ತೇ, ನಿಮ್ಮ ಮನೆಯಲ್ಲೇ, ನಿಮ್ಮೆದುರೇ "ಏನೂ ಇಲ್ಲ" ಅಂದೆ.

ನಾನು ಅಬ್ಬಿಗೆರೆಯ ನಿಮ್ಮ ಮನೆಗೆ ಬರುತ್ತಿದ್ದದ್ದು ನಿಮ್ಮನ್ನು ನೋಡಲು, ಅವರನ್ನಲ್ಲ. ಇದನ್ನೂ ನಿಮಗೆ ನೆಟ್ಟಗೆ ಹೇಳಿರಲಿಲ್ಲ. ಯಲಹಂಕದ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪಾಠ ಮಾಡಿಕೊಂಡು ಪಿಎಚ್.ಡಿ.ಗೆ ಬರೆಯುತ್ತಿದ್ದೆ. ಇನ್ನೊಬ್ಬರಿಗೆ ಪ್ರಜ್ಞೆ ಇದೆ ಎಂದು ನಾವು ಯಾವ ಆಧಾರದ ಮೇಲೆ ನಂಬುತ್ತೇವೆ, ಆ ನಂಬಿಕೆ ಹೋದರೆ ಅವರ ಜೊತೆ ಹೇಗೆ ನಡೆದುಕೊಳ್ಳುತ್ತೇವೆ — ಇದು ನನ್ನ ವಿಷಯ. ಕಟ್ಟಿಸುತ್ತಿದ್ದ ಬಾಡಿಗೆ ಮನೆಯ ಮೇಲಿನಿಂದ ಬಿದ್ದು ತಲೆಗೆ ಪೆಟ್ಟಾದ ಗಂಡ. ಅರಿವಿಲ್ಲ ಎಂದು ಮನೆಗೆ ಕಳಿಸಿಬಿಟ್ಟ ಆಸ್ಪತ್ರೆ. ಆದರೂ ಬಾಡಿಗೆಯವರ ಜಗಳ, ಹೂಕೋಸಿನ ಹುಳ, ಮಗಳ ಬಾಣಂತನ ಎಲ್ಲವನ್ನೂ ಅವರಿಗೆ ಒಪ್ಪಿಸುತ್ತಿದ್ದ ನೀವು. ನನ್ನ ನಾಲ್ಕನೇ ಅಧ್ಯಾಯಕ್ಕೆ ನಿಮಗಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ. ಅದರ ಹೆಸರು 'ಪುರಾವೆಯಿಲ್ಲದ ನಂಬಿಕೆ'.

"ಇವ್ರಿಗೆಲ್ಲಾ ಕೇಳಿಸ್ತದೆ ಮೇಡಂ. ನಂಗೊತ್ತು," ಅನ್ನುತ್ತಿದ್ದಿರಿ. ನಾನು ಬರೆದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಸ್ವಲ್ಪ ಕನಿಕರದಿಂದಲೇ.

ಆ ಮಧ್ಯಾಹ್ನ ನೀವು ಕಾಫಿಗೆ ಹಾಲಿಡಲು ಒಳಗೆ ಹೋದಿರಿ. ಮಂಚದ ಪಕ್ಕ ನಾನೊಬ್ಬಳೇ. ಅವರ ಕಣ್ಣು ತೆರೆದಿತ್ತು, ಎಂದಿನಂತೆ ಸೂರಿನತ್ತ. ಯಾಕೆ ಕೇಳಿದೆನೋ — ಸಂಕೋಚಕ್ಕೋ, ಬೇಸರಕ್ಕೋ — "ಮುನಿರಾಜು ಅವರೇ, ನಾನು ಹೇಳೋದು ಕೇಳಿಸ್ತಿದ್ರೆ ಕಣ್ಣು ಮುಚ್ಚಿ ತೆಗೀರಿ" ಅಂದೆ.

ಮುಚ್ಚಿದರು. ನಿಧಾನವಾಗಿ, ಗಟ್ಟಿಯಾಗಿ. ತೆಗೆದರು.

ಎದ್ದು ನಿಂತೆ. ಕಾಕತಾಳೀಯ ಇರಬೇಕು ಅಂದುಕೊಂಡು ಇನ್ನೊಮ್ಮೆ ಕೇಳಿದೆ. ಮುಚ್ಚಿದರು. ಬೇಕೆಂದೇ ಸುಮ್ಮನಿದ್ದು ಕಾದೆ — ಕಣ್ಣು ತೆರೆದೇ ಇತ್ತು. ಮೂರನೇ ಸಲ ಕೇಳಿದೆ. ಅವರು ಮುಚ್ಚಿದರು. ತೆಗೆದಾಗ ನೋಟ ಸೂರಿನ ಮೇಲಿರಲಿಲ್ಲ. ನನ್ನ ಮೇಲಿತ್ತು.

ಅಷ್ಟರಲ್ಲಿ ನೀವು ಲೋಟ ಹಿಡಿದು ಬಂದಿರಿ. ನಿಮ್ಮ ಹಿಂದೆಯೇ ನಿಮ್ಮ ಮೈದುನ ನಾಗೇಶ. ಬಂದವರೇ ಕೇಳಿದರು: "ಮೇಡಂ, ನೀವು ಓದಿದೋರು. ಇಷ್ಟ್ ದಿನದಿಂದ ನೋಡ್ತಿದೀರ. ನಿಜ ಏಳ್ಬಿಡಿ. ಅಣ್ಣಂಗೆ ಏನಾರ ಗೊತ್ತಾಗ್ತದಾ? ಅತ್ತಿಗೆ ಇಂಗೇ ಮಾತಾಡ್ಕಂಡು ಕೂತ್ರೆ ಅವರ ತಲೆನೂ ಕೆಡ್ತದೆ."

ನೀವು ನನ್ನ ಮುಖ ನೋಡಿದಿರಿ. ಮಂಚದ ಮೇಲಿಂದ ನಿಮ್ಮ ಯಜಮಾನರೂ ನೋಡುತ್ತಿದ್ದರು.

ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು. ನಾಲ್ಕನೇ ಅಧ್ಯಾಯ ನನ್ನ ಮಾರ್ಗದರ್ಶಕರಿಗೆ ಬಹಳ ಹಿಡಿಸಿತ್ತು. ನಿಮ್ಮ ನಂಬಿಕೆ ನಿಜವಾದರೆ ಅದು ಇಡಿಯಾಗಿ ಬಿದ್ದುಹೋಗುತ್ತಿತ್ತು... ಆ ಒಂದು ಗಳಿಗೆಯಲ್ಲಿ ಇಷ್ಟೆಲ್ಲ ಯೋಚಿಸಿದೆನೆ? ಯೋಚಿಸಿದೆ. ಈಗ ಸುಳ್ಳು ಹೇಳುವುದಿಲ್ಲ.

"ನಾನು ನೋಡಿದ ಹಾಗೆ ಏನೂ ಇಲ್ಲ," ಅಂದೆ. ಕಾಫಿಯನ್ನೂ ಕುಡಿದೆ.

ಆ ತಿಂಗಳೇ ನಾಗೇಶ ಅವರು ಫಿಸಿಯೋಥೆರಪಿ ನಿಲ್ಲಿಸಿ, ಅಣ್ಣನನ್ನು ಯಶವಂತಪುರದ ಕಡೆ ಒಂದು ಆರೈಕೆ ಮನೆಗೆ ಸೇರಿಸಿದರು. ನೀವು ಭಾನುವಾರ ಮಾತ್ರ ಹೋಗುತ್ತಿದ್ದಿರಿ. ಒಮ್ಮೆ ಫೋನಿನಲ್ಲಿ ಹೇಳಿದಿರಿ: "ಓಗ್ತೀನಿ, ಕುಂತ್ಕಂಡು ಬತ್ತೀನಿ. ನೀವೇ ಏನೂ ಇಲ್ಲ ಅಂದ್ಮೇಲೆ ಯಾರ್ ಜೊತೆ ಮಾತಾಡ್ಲಿ ಮೇಡಂ?" ಆಗಲೂ ನಾನು ಬಾಯಿ ಬಿಡಲಿಲ್ಲ. ಅದರ ಹಿಂದಿನ ವಾರವಷ್ಟೇ ನನ್ನ ಹೆಸರಿನ ಮುಂದೆ 'ಡಾ.' ಸೇರಿತ್ತು.

ಕೊನೆಗೆ ಅವರಿಗೆ ಅರಿವಿರುವುದನ್ನು ಕಂಡದ್ದು ಅಲ್ಲಿಗೆ ಹೊಸದಾಗಿ ಸೇರಿದ್ದ ಒಬ್ಬ ನರ್ಸ್, ಹಾಸಿಗೆಯ ಬಟ್ಟೆ ಬದಲಿಸುವಾಗ. ಅವಳು ಕೂಗಿಕೊಂಡು ಎಲ್ಲರನ್ನೂ ಕರೆದಳಂತೆ. ಯಾರಾದರೂ ಹಾಗೇ ಮಾಡುತ್ತಾರೆ.

ಮನೆಗೆ ಕರೆತಂದ ಮೇಲೆ ನೀವು ನನಗೆ ಫೋನ್ ಮಾಡಿದಿರಿ, ಬೈಯಲು ಅಲ್ಲ: "ನಾನ್ ಏಳಿರ್ಲಿಲ್ವಾ ಮೇಡಂ! ಬನ್ನಿ, ಬಂದ್ ನೋಡಿ!" ಬಂದೆ. ಮಕ್ಕಳ ಕಾಗುಣಿತದ ಚಾರ್ಟ್ ತಂದಿದ್ದಿರಿ. ನಿಮ್ಮ ಬೆರಳು ಸಾಲಿನುದ್ದಕ್ಕೂ ಸಾಗುತ್ತಿತ್ತು. ಬೇಕಾದ ಅಕ್ಷರ ಬಂದಾಗ ಅವರು ಕಣ್ಣು ಮುಚ್ಚುತ್ತಿದ್ದರು. "ನೋಡ್ರೀ, ಮೇಡಂ ಬಂದವ್ರೆ. ಏನಾರ ಏಳಿ," ಅಂದಿರಿ.

ಮೂ. ರು. ಸ. ಲ.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹತ್ತು ತಿಂಗಳು — ಒಂದು ಮಾತೂ ಬಾರದ ಕೋಣೆಯಲ್ಲಿ ಅವರು ಇದನ್ನು ಇಟ್ಟುಕೊಂಡು ಮಲಗಿದ್ದರು.

"ಏನ್ ಮೂರ್ ಸಲ?" ಎಂದು ನೀವು ಕೇಳಿದಿರಿ. ಅವರು ಮುಂದಿನ ಅಕ್ಷರ ಹೇಳಲಿಲ್ಲ. ನನ್ನನ್ನೇ ನೋಡುತ್ತ ಕಾದರು. ನಾನು ಹೇಳಲೆಂದು ಕಾದರು, ಜಯಮ್ಮನವರೇ. ನಾನು "ಗೊತ್ತಾಗಲಿಲ್ಲ" ಅಂದೆ. ಆಮೇಲೆ ನಾನಿರುವಷ್ಟು ಹೊತ್ತು ಅವರು ಚಾರ್ಟಿನ ಕಡೆ ತಿರುಗಲಿಲ್ಲ.

ನಾಲ್ಕು ತಿಂಗಳಿಗೆ ಎದೆಯ ಸೋಂಕು ಅವರನ್ನು ಕೊಂಡೊಯ್ದಿತು. ತಿಥಿಯ ಊಟಕ್ಕೆ ಬಂದಾಗ ನೀವು ನನ್ನನ್ನು ಪಕ್ಕಕ್ಕೆ ಕರೆದಿರಿ. ಅತ್ತು ಬಾಡಿದ ಮುಖದಲ್ಲೂ ಒಂದು ನಾಚಿಕೆಯಿತ್ತು. "ಆ ಮೂರ್ ಸಲ ಅಂದಿದ್ದು ನಂಗೀಗ ಅರ್ಥ ಆಯ್ತು ಮೇಡಂ. ಮದ್ವೆಗೆ ಮುಂಚೆ ನನ್ ನೋಡಕ್ಕೆ ಮೂರ್ ಸಲ ಬಂದಿದ್ರು, ಎಮ್ಮೆ ಕೊಳ್ಳೋ ನೆಪ ಮಾಡ್ಕಂಡು. ಅದ್ನೇ ನೆನೆಸ್ಕಂಡವ್ರೆ. ಅಲ್ವಾ?"

"ಇರಬಹುದು," ಅಂದೆ. ಅದು ನನ್ನ ಕೊನೆಯ ಸುಳ್ಳು.

ಆಮೇಲೆ ಒಂದು ವರ್ಷ, ನಿಮ್ಮ ಸಮಾಧಾನ ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಒಳ್ಳೆಯ ಕಾರಣ! ನೈತಿಕತೆಯ ಪಾಠ ಮಾಡುವವಳಿಗೆ ಇಂಥವು ಬೇಗ ಸಿಗುತ್ತವೆ. ಆದರೆ ನೀವು ಪುರಾವೆಯಿಲ್ಲದೆ ನಂಬಿದಾಗ ನಿಮ್ಮ ನಂಬಿಕೆ ನಿಜವಾಗಿತ್ತು. ಆ ಮೂರು ಸಲದ ಬಗ್ಗೆ ಈಗ ನಂಬಿರುವುದು ನಿಜವಲ್ಲ, ಮತ್ತು ಅದು ನನಗೊಬ್ಬಳಿಗೇ ಗೊತ್ತು.

ನಾಲ್ಕನೇ ಅಧ್ಯಾಯ ಸುಳ್ಳೆಂದು ವಿಶ್ವವಿದ್ಯಾಲಯಕ್ಕೆ ಬರೆದಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಭಾನುವಾರ ಬೆಳಿಗ್ಗೆ ಅಬ್ಬಿಗೆರೆಗೆ ಬಂದು, ನಾಗೇಶ ಅವರನ್ನೂ ಕೂರಿಸಿಕೊಂಡು, ಇಲ್ಲಿ ಬರೆದುಕೊಂಡದ್ದನ್ನು ಓದದೆ ಬಾಯಲ್ಲೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಯಜಮಾನರು ಹತ್ತು ತಿಂಗಳು ನಿಮ್ಮ ದನಿಗೆ ಕಾದಿದ್ದರು. ನೀವು ಮಾತು ನಿಲ್ಲಿಸಿದ್ದು ನನ್ನ ಮಾತು ನಂಬಿ.