ಸೆನ್ಸರ್ ಬೇಡ ಎಂದ ಅಂಗಡಿಯವರು

ಗೆಳೆಯರೇ, ಇವತ್ತು ಒಬ್ಬ ಒಳ್ಳೆಯ ಮನುಷ್ಯನ ಮನಸ್ಸು ನೋಯಿಸಿ ಬಂದಿದ್ದೇನೆ. ಸಮಾಧಾನವಿಲ್ಲ, ಅದಕ್ಕೇ ನಮ್ಮ ಕನ್ನಡ ಸಂಘದ ಬೋರ್ಡಿಗೆ ಈ ಚೀಟಿ ಅಂಟಿಸುತ್ತಿದ್ದೇನೆ.

ಶಾಲೆಯ ಮಕ್ಕಳನ್ನು ಬಿಡುವ ನನ್ನ ಹಳೆಯ ಫಾರಿನ್ ವ್ಯಾನು ಕಂಡಾಪಟ್ಟೆ ಪೆಟ್ರೋಲ್ ಕುಡಿಯುತ್ತಿದೆ, ಹೊಗೆ ಬೇರೆ. ಎಂಜಿನ್‌ಗೆ ಪೆಟ್ರೋಲಿನ ಅಳತೆ ತಿಳಿಸುವ ಆಕ್ಸಿಜನ್ ಸೆನ್ಸರ್ ಕೆಟ್ಟಿರಬೇಕು ಎಂದು ಇನ್ನೊಬ್ಬ ಡ್ರೈವರ್ ಹೇಳಿದ. ಕಡಿಮೆ ಬೆಲೆಯದನ್ನು ಹುಡುಕುತ್ತ ಗ್ರಾಂಟ್ ರೋಡಿನಲ್ಲಿ ಬಿಜಾಪುರದ ಗುರುಪಾದಪ್ಪನವರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಚಹಾ ತರಿಸಿಕೊಟ್ಟು ಅವರು ಹೇಳಿದ್ದು ಇಷ್ಟು:

"ಅದು ಬ್ಯಾಡ ತಮ್ಮಾ. ಸೀಸ ಇಲ್ಲದ ಪೆಟ್ರೋಲ್ ಫಾರಿನ್‌ದಾಗ ಬಂದೈತಿ, ನಮ್ಮಲ್ಲಿ ಇನ್ನೂ ಬಂದಿಲ್ಲ; ಆ ಸೀಸ ಸೆನ್ಸರ್‌ನ ತಿಂದ ಹಾಕತೈತಿ. ಸಸ್ತಾದ್ದು ಹಾಕು, ತುಟ್ಟಿದ್ದು ಹಾಕು, ನಾಕ್ ತಿಂಗಳದಾಗ ಖರಾಬ್ ಆಗತೈತಿ. ಅದರ ವೈರ್ ತೆಗಿಸಿ ಗಾಡಿ ಟ್ಯೂನ್ ಮಾಡಿಸು."

ಮಾರುವವರೇ ಬೇಡ ಎಂದರೆ ಗಾಬರಿಯಾಗುವುದಿಲ್ಲವೇ? ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವನೆಂದು ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎನಿಸಿತು. "ಕೊಡೂ ಮನಸ್ ಇಲ್ಲಂದ್ರ ಹಂಗ ಹೇಳ್ರಿ ಕಾಕಾ! ನಿಮ್ಮ ಚಾನೂ ಬ್ಯಾಡ" ಎಂದು ಕಪ್ಪನ್ನು ಅಲ್ಲೇ ಇಟ್ಟು ಎದ್ದುಬಂದೆ. ಪಕ್ಕದ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಕೊಂಡೆ.

ಸಯನ್‌ನ ಗ್ಯಾರೇಜಿನಲ್ಲಿ ನಮ್ಮ ಮಂಗಳೂರಿನ ಮೆಕ್ಯಾನಿಕ್ ಅದನ್ನು ನೋಡಿ ತಲೆ ಚಚ್ಚಿಕೊಂಡ. "ಎಂಥ ಮಾರಾಯ್ರೇ! ನಮ್ಮ ಪೆಟ್ರೋಲಿಗೆ ಇದು ಎಷ್ಟು ದಿನ ಬಾಳ್ತದೆ? ಅಂಗಡಿಯಲ್ಲಿ ಯಾರೂ ಹೇಳ್ಲಿಲ್ವಾ ನಿಮ್ಗೆ?"

ಹೇಳಿದವರ ಚಹಾವನ್ನೇ ಬಿಟ್ಟುಬಂದಿದ್ದ ನಾನು ವ್ಯಾನಿನ ಕೀಲಿಯನ್ನು ಅವನ ಕೈಗೆ ಕೊಟ್ಟೆ.

ಅವನು ವೈರು ತೆಗೆದು ಟ್ಯೂನ್ ಮಾಡಿಕೊಟ್ಟ. ವ್ಯಾನಿನ ಹೊಗೆ ನಿಂತಿತು. ನಾಳೆ ಗ್ರಾಂಟ್ ರೋಡಿಗೆ ಹೋಗಬೇಕು, ಆದರೆ ಕೊಳ್ಳಲು ಏನೂ ಇಲ್ಲ. ಕಾಕಾ ಇನ್ನೊಮ್ಮೆ ಚಹಾ ತರಿಸುತ್ತಾರೋ ಇಲ್ಲವೋ ಎಂಬುದೊಂದೇ ಈಗಿನ ಚಿಂತೆ.