ಓದಿ ಕೇಳಿಸೋ ಸಾಹೇಬರು

ಸಹಿ ಹಾಕುವ ಮುಂಚೆ ನಮ್ಮ ಮುನ್ಸಿಫ್ ಸಾಹೇಬರು ಕಲಮು ಕೆಳಗಿಟ್ಟು, ಕಣ್ಣು ಮುಚ್ಚಿ ಕೂಡುತ್ತಿದ್ದರು. ಮಕ್ತಲ್ ಕೋರ್ಟಿನ ಪೇಷ್ಕಾರ, ಅಂದರೆ ಗುಮಾಸ್ತನಾದ ನಾನು, ಆಗಿನ ಕೋರ್ಟಿನ ಭಾಷೆಯಾದ ಉರ್ದುವಿನಲ್ಲಿ ಬರೆದುಕೊಂಡ ಸಾಕ್ಷಿಯನ್ನು ಹೇಳಿದವರಿಗೇ ಅವರ ಮಾತಿನಲ್ಲಿ ಓದಿ ಹೇಳಬೇಕು. ಅವರು ಹೂಂ ಅಂದ ಮೇಲೆಯೇ ಸಹಿ. ವಕೀಲರು ಗೊಣಗುತ್ತಿದ್ದರು. ನಾನೂ ಗೊಣಗಿದ್ದೇನೆ, ಸುಳ್ಳೇಕೆ? ಹಳ್ಳಿಯವರು ಮಾತ್ರ ‘ಓದಿ ಕೇಳಿಸೋ ಸಾಹೇಬ್ರು’ ಎಂದು ಕೈಮುಗಿಯುತ್ತಿದ್ದರು.

ಒಂದೇ ಒಂದು ದಿನ, ಜ್ವರದಲ್ಲಿ, ಓದಿಸದೆ ಸಹಿ ಮಾಡಿದರು. ಅದು ಗುಂಡುಮಾಲ್ ಹಳ್ಳಿಯ ಬಸಮ್ಮನ ಸಾಕ್ಷಿ. ಬದುವಿನ ಜಗಳದಲ್ಲಿ ಒಬ್ಬನಿಗೆ ಕೊಡಲಿ ಏಟು ಬಿದ್ದಿತ್ತು. ಆರೋಪ ಅವಳ ಅಣ್ಣನ ಮೇಲೆ.

ಫೈಸಲಾ ದಿನ ಕೋರ್ಟು ತುಂಬಿತ್ತು. ‘ಅಣ್ಣ ಕೊಡಲಿಯಿಂದ ಹೊಡೆದನೆಂದು ತಂಗಿಯೇ ಹೇಳಿರುವಳು’ ಎಂದು ಸಾಹೇಬರು ಓದಿದ್ದೇ ತಡ, ಬಸಮ್ಮ ಚೀರಿದಳು.

“ಯವ್ವಾ! ನಾ ಯಾವಾಗ ಹಂಗಂದೆ? ಕೊಡ್ಲಿ ಕೊಟ್ಟ ಅಂದೀನ್ರೀ!”

ನಾನು ಗದ್ವಾಲದವನು, ಮನೆಯಲ್ಲಿ ತೆಲುಗು. ತೆಲುಗಿನಲ್ಲಿ ‘ಕೊಟ್ಟು’ ಅಂದರೆ ಹೊಡೆ. ಅವಳ ‘ಕೊಟ್ಟ’ ನನ್ನ ಹಾಳು ಕಿವಿಯಲ್ಲಿ ‘ಹೊಡೆದ’ ಆಗಿತ್ತು.

“ಕೊಟ್ಟ ಅಂದ್ರ, ಯಾರಿಗಮ್ಮ?” ಸಾಹೇಬರ ದನಿ ಸಣ್ಣದಾಯಿತು.

“ಪಟೇಲ್ರ ಕೈಯಾಗ್ರಿ. ಜಗಳ ಶುರುವಾಗೂಕಿಂತ ಮೊದ್ಲ ಕೊಟ್ಟಾನ. ಅಗಾ, ಹೊರಗ ಕುಂತಾರ, ಕೇಳ್ರಿ!”

ಎದುರು ವಕೀಲರು ಎದ್ದರು. “ಹುಜೂರ್, ಬರದದ್ದು ಬರದಾಗೈತಿ. ಈಗ ತಿದ್ದಿದ್ರ ನಿಮ್ಮ ಹೆಸರೇ ಕೆಡತೈತ್ರಿ.”

ಕಟಕಟೆಯಲ್ಲಿ ಅವಳ ಅಣ್ಣ ಬೆವರುತ್ತಿದ್ದ. ಈಗ ನನ್ನ ಕಡೆ ಬೆರಳು ತೋರಿಸುತ್ತಾರೆ, ನನ್ನ ನೌಕರಿ ಮುಗಿಯಿತು ಅಂದುಕೊಂಡೆ.

“ಪೇಷ್ಕಾರ್ರೇ, ಬರಕೋರಿ,” ಅಂದರು ಸಾಹೇಬರು. “ಓದಿ ಕೇಳಿಸದೇ ಸಹಿ ಮಾಡಿದ್ದು ಮುನ್ಸಿಫನ ತಪ್ಪು. ಪಟೇಲರನ್ನ ಒಳಗ ಕರೀರಿ.”

ಹೇಳಿದಂತೆಯೇ ಬರೆದುಕೊಂಡೆ. ಪಟೇಲರು ಬಂದು ಹೌದು ಅಂದರು. ಜಗಳದ ಹೊತ್ತಿಗೆ ಕೊಡಲಿ ಅವರ ಮನೆಯಲ್ಲೇ ಇತ್ತು. ಅಣ್ಣನಿಗೆ ಬಿಡುಗಡೆಯಾಯಿತು, ಅಣ್ಣ ತಂಗಿ ಅಂದೇ ಊರಿಗೆ ಹೋದರು. ಸಾಹೇಬರ ಹೆಸರು ಕೆಡುವುದಿರಲಿ, ಅವರಿಗೆ ವರ್ಗವಾದ ಮೇಲೂ ಕೋರ್ಟಿಗೆ ಬಂದ ಹಳ್ಳಿಯವರು “ಓದಿ ಕೇಳಸ್ರಿ” ಎಂದು ಹೊಸ ಮುನ್ಸಿಫರ ಮುಂದೆ ಹಟ ಹಿಡಿಯುತ್ತಿದ್ದರು.

ಕೊನೆಯ ಸಲ ಸಾಹೇಬರನ್ನು ಕಂಡದ್ದು ನಾರಾಯಣಪೇಟೆಯ ಅವರ ಮನೆಯಲ್ಲಿ. ಕಣ್ಣು ಪೂರಾ ಹೋಗಿದ್ದವು. ಕೈ ಹಿಡಿದುಕೊಂಡು ಅತ್ತುಬಿಟ್ಟೆ.

“ಅವತ್ತು ತಪ್ಪು ನಂದಿತ್ರಿ, ಸಾಹೇಬ್ರ.”

ಹಳೆಯ ರೂಢಿಯಂತೆ ಕೊನೆತನಕ ಕೇಳಿಸಿಕೊಂಡರು. ಆಮೇಲೆ ಕೇಳಿದರು:

“ಸಹಿ ಯಾರದಿತ್ರಿ?”