ಸಾಹೇಬರು ಹಿಂದೆ ನಿಂತ ಪಂದ್ಯ

ನಮ್ಮ ಇಲಾಖೆಯ ಫುಟ್‌ಬಾಲ್ ತಂಡ ಗೋಲು ಹೊಡೆದದ್ದನ್ನು ಕಣ್ಣಾರೆ ಕಂಡವರು ಆಗ ಸೇವೆಯಲ್ಲಿದ್ದವರ ಪೈಕಿ ಯಾರೂ ಇರಲಿಲ್ಲ. ಕಂಡಿದ್ದೇವೆ ಎನ್ನುವವರೆಲ್ಲ ನಿವೃತ್ತರಾಗಿ ಫರೀದಾಬಾದಿನ ಫ್ಲಾಟುಗಳಲ್ಲಿ ನೆಲೆಸಿದ್ದರು. ಅವರ ಹೇಳಿಕೆಯನ್ನು ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ. ಆದರೂ ಪ್ರತಿ ಚಳಿಗಾಲ ಇಲಾಖೆ ಇಲಾಖೆಗಳ ನಡುವೆ ಟೂರ್ನಮೆಂಟ್ ನಡೆದಾಗ, ದೆಹಲಿಯ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಿಂದ ಮಫ್ಲರ್ ಸುತ್ತಿಕೊಂಡು ಮೈದಾನಕ್ಕೆ ನಡೆದು ಹೋಗಿ, ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ. ಗೆಲ್ಲುವ ತಂಡಕ್ಕೆ ಯಾರು ಬೇಕಾದರೂ ಅಭಿಮಾನಿಯಾಗಬಹುದು. ನಮ್ಮದಕ್ಕೆ ಅಭಿಮಾನಿಯಾಗಲು ಪಿಂಚಣಿಗೆ ಕಾಯುವವನ ತಾಳ್ಮೆ ಬೇಕು. ಅದು ನನ್ನಲ್ಲಿ ಧಾರಾಳವಾಗಿತ್ತು.

ತಂಡ ಗೋಲು ಹೊಡೆಯದಿದ್ದರೆ ಒಂದು ಇಲಾಖೆ ಏನು ಮಾಡುತ್ತದೋ ಅದನ್ನು ನಮ್ಮ ಇಲಾಖೆಯೂ ಮಾಡಿತು. ಕೋಚ್ ಬದಲಾಯಿಸಿತು. ಮೊದಲಿದ್ದವರು ಹಾಕಿ ಆಡಿದವರು. ಚೆಂಡು ಕೊಂಚ ದೊಡ್ಡದು, ಕೋಲಿಲ್ಲ, ಉಳಿದದ್ದೆಲ್ಲ ಒಂದೇ ಎಂಬುದು ಅವರ ಸಿದ್ಧಾಂತ. ಅವರ ಕಾಲದಲ್ಲಿ ನಮ್ಮವರು ತುಂಬಾ ಬಗ್ಗಿ ಓಡುತ್ತಿದ್ದರು. ಅವರ ನಂತರ ಫರೀದಾಬಾದಿನ ಯಾವುದೋ ಕಾರ್ಖಾನೆಯ ತಂಡವನ್ನು ಪಳಗಿಸಿದ್ದವರೊಬ್ಬರನ್ನು ಕರೆಸಿದರು. ಆತ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕುಗಳನ್ನು ಸಾಲಾಗಿ ಇಟ್ಟು, ಇವುಗಳ ನಡುವೆ ಸುತ್ತಿ ಬಳಸಿ ಓಡಿ ಎಂದ. ಎಲ್ಲರೂ ಓಡಿದರು. ನಮ್ಮ ಡೈರೆಕ್ಟರ್ ಸಾಹೇಬರು ಮಾತ್ರ ಓಡಲಿಲ್ಲ. ತಂಡದ ಕ್ಯಾಪ್ಟನ್ ಅವರೇ, ಸೆಂಟರ್ ಫಾರ್ವರ್ಡ್ ಅವರೇ. "ಸರ್, ಆಪ್ ಭೀ" ಎಂದು ಆತ ಒಂದೆರಡು ಸಲ ಹೇಳಿದ. ಮತ್ತೊಮ್ಮೆ ಹೇಳುವ ಸಂದರ್ಭ ಆತನಿಗೆ ಒದಗಲಿಲ್ಲ. ಶಂಕುಗಳು ಇಂದಿಗೂ ಕ್ಲಬ್ಬಿನ ಕೋಣೆಯಲ್ಲಿವೆ. ಆಮೇಲೆ ನಮ್ಮ ಮನರಂಜನಾ ಕ್ಲಬ್ಬಿನ ಸೆಕ್ರೆಟರಿಯೇ ತಂಡದ ಹೆಚ್ಚುವರಿ ಪ್ರಭಾರ ವಹಿಸಿಕೊಂಡರು. ಕ್ಯಾಂಟೀನು, ಕೇರಂ, ಹೋಳಿ ಮಿಲನ್ ಕೂಟ, ಫುಟ್‌ಬಾಲ್ ಎಲ್ಲವೂ ಅವರ ಕೈಯಲ್ಲೇ. ಅವುಗಳ ಪೈಕಿ ಹೋಳಿ ಮಿಲನ್ ಚೆನ್ನಾಗಿ ನಡೆಯುತ್ತಿತ್ತು.

ಈ ಎಲ್ಲ ಬದಲಾವಣೆಗಳ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿದ್ದವು. ಕೋಚ್ ಯಾರಾದರೇನು, ನಮ್ಮ ಮುಂದಿನ ಸಾಲಿನಲ್ಲಿ ಜನ ಸಾಲದು ಎಂಬುದು ನನ್ನ ವಾದ. ಕೆಲಸ ಆಗದಿದ್ದರೆ ಹುದ್ದೆಗಳನ್ನು ಹೆಚ್ಚಿಸಬೇಕು. ನಾನು ಮೂರು ದಶಕ ಕಲಿತದ್ದು ಅದನ್ನೇ. ಆದರೆ ಈ ಅಭಿಪ್ರಾಯಗಳನ್ನು ಸಾಹೇಬರ ಎದುರು ಹೇಳಿದವನಲ್ಲ. ನಾನು ಅವರ ಕೈಕೆಳಗಿನ ಅಂಡರ್ ಸೆಕ್ರೆಟರಿ. ಅವರು ಒದ್ದ ಚೆಂಡು ಗೋಲುಕಂಬದ ಮೇಲೆ ಹಾರಿ ಆಚೆಯ ಬೇವಿನ ಮರಕ್ಕೆ ಬಡಿದಾಗ, "ವೆರಿ ಕ್ಲೋಸ್, ಸರ್!" ಎಂದು ಗಟ್ಟಿಯಾಗಿ ಹೇಳಿ ಚಪ್ಪಾಳೆ ತಟ್ಟುವುದಷ್ಟೇ ನನ್ನ ಅಧಿಕಾರವ್ಯಾಪ್ತಿಯಲ್ಲಿತ್ತು.

ಎರಡು ಚಳಿಗಾಲಗಳ ಹಿಂದೆ ಒಂದು ಪಂದ್ಯಕ್ಕೆ ನನ್ನ ಹೆಂಡತಿಯೂ ಬಂದಳು. ಆಗಷ್ಟೇ ಶಾಲೆಯಿಂದ ನಿವೃತ್ತಳಾಗಿದ್ದಳು. ಅವಳು ಪಿ.ಟಿ. ಟೀಚರ್. ಮೈಸೂರಿನಲ್ಲಿ ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡಿದ್ದಳು. ಇಲ್ಲಿಗೆ ಬಂದ ಮೇಲೆ ಕೋಚಿಂಗ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದಳು. ಆದರೆ ಶಾಲೆಯವರು ಅವಳಿಗೆ ಕೊಟ್ಟದ್ದು ಗಣರಾಜ್ಯೋತ್ಸವದ ಮಾರ್ಚ್‌ಪಾಸ್ಟು ಮತ್ತು ಹೆಣ್ಣುಮಕ್ಕಳ ಥ್ರೋಬಾಲು. ಫುಟ್‌ಬಾಲ್ ತಂಡ ಪ್ರತಿ ವರ್ಷ ಯಾರಾದರೂ ಗಂಡು ಮೇಷ್ಟ್ರಿಗೇ ಹೋಗುತ್ತಿತ್ತು. ಒಂದು ವರ್ಷ ಗಣಿತದ ಮೇಷ್ಟ್ರಿಗೂ ಹೋಗಿತ್ತು. ಅವಳು ಮನೆಗೆ ಬಂದು ಅದನ್ನು ಹೇಳಿ, ಕುಕ್ಕರ್ ಇಟ್ಟು, ಬೇರೆ ಮಾತಿಗೆ ಹೋಗುತ್ತಿದ್ದಳು. ತನ್ನದು ಅಂತ ಒಂದು ತಂಡ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಆ ದಿನ ಕುರ್ಚಿಯಲ್ಲಿ ಕೂತು ಅವಳು ಸಣ್ಣ ದನಿಯಲ್ಲಿ ಆಟದ ತಪ್ಪುಗಳನ್ನು ಎತ್ತಿ ಏನೇನೋ ಅನ್ನುತ್ತಿದ್ದಳು. ಸೆಕ್ರೆಟರಿ ಚಹಾದ ಲೋಟ ಹಿಡಿದು ನಗುತ್ತಾ ಬಂದರು. "ಭಾಭೀಜಿ, ಇಷ್ಟೆಲ್ಲ ಗೊತ್ತಿದ್ದರೆ ನೀವೇ ಸಂಭಾಳಿಸಿಬಿಡಿ!"

"ಎಷ್ಟು ಗಂಟೆಗೆ ಪ್ರಾಕ್ಟೀಸು?" ಎಂದಳು ನನ್ನ ಹೆಂಡತಿ.

ಸೆಕ್ರೆಟರಿ ತಮಾಷೆಗೆ ಅಂದಿದ್ದರು. ಮರುದಿನ ಬೆಳಗ್ಗೆ ಮಂಜಿನಲ್ಲಿ ಸೀಟಿ ಊದಿದ ಸದ್ದು ಕೇಳಿದಾಗ ಅದು ತಮಾಷೆಯಾಗಿ ಉಳಿದಿರಲಿಲ್ಲ. ಕ್ಲಬ್ಬಿನ ಕಮಿಟಿ ಕೂತು ಒಂದು ಮಧ್ಯಮ ಮಾರ್ಗ ಕಂಡುಹಿಡಿಯಿತು. ಟೂರ್ನಮೆಂಟಿನಲ್ಲಿ ಉಳಿದಿರುವುದು ಎರಡು ಪಂದ್ಯ, ಅಲ್ಲಿಯವರೆಗೆ ಭಾಭೀಜಿ ನೋಡಿಕೊಳ್ಳಲಿ, ಆಗಲೂ ಗೋಲು ಬಾರದಿದ್ದರೆ ಬೇರೆ ವ್ಯವಸ್ಥೆ. ಇದನ್ನು ಸೆಕ್ರೆಟರಿ ಅವಳಿಗೆ ಹೇಳಲಿಲ್ಲ, ನನಗೆ ಫೋನ್ ಮಾಡಿ ಹೇಳಿದರು. ನಾನು ಅವಳಿಗೆ ಹೇಳಿದೆ.

"ಎರಡು ಪಂದ್ಯ ಸಾಕು" ಎಂದಳು. ಆದರೆ ಅಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಅವಳು ಹಾಗೆ ಮರೆಯುವವಳಲ್ಲ.

ಮೊದಲ ಪಂದ್ಯ ಸೊನ್ನೆ–ಒಂದು. ಸೋತೆವು. ಮರುದಿನ ಭಾನುವಾರ ತಿಂಡಿಯ ಹೊತ್ತಿಗೆ ನಾನು ಸಂಕೋಚ ಬಿಟ್ಟು ಮೇಜಿನ ಮೇಲೆ ನನ್ನ ಯೋಜನೆಯನ್ನು ಮಂಡಿಸಿದೆ. ಸ್ಟೀಲ್ ಲೋಟಗಳು ಆಟಗಾರರು, ಚಟ್ನಿಪುಡಿ ಡಬ್ಬಿ ನಮ್ಮ ಗೋಲ್‌ಕೀಪರ್, ಉಪ್ಪಿನಕಾಯಿ ಜಾಡಿ ಸಾಹೇಬರು. ಲೋಟಗಳನ್ನೆಲ್ಲ ಒಂದೊಂದಾಗಿ ಮುಂದಕ್ಕೆ ಸರಿಸಿ, "ಆರು ಫಾರ್ವರ್ಡ್" ಎಂದೆ.

ಅವಳು ನೋಡಿದಳು. "ರೀ, ಒಂದು ಕೇಳ್ತೀನಿ. ನಿಮ್ಮ ಆಫೀಸಲ್ಲಿ ಗುಮಾಸ್ತ ಒಂದು ನೋಟ್ ಬರೆದರೆ ಅದು ಎಲ್ಲಿಗೆ ಹೋಗುತ್ತೆ?"

"ಸೆಕ್ಷನ್ ಆಫೀಸರ್ ಹತ್ತಿರ."

"ಆಮೇಲೆ?"

"ನನ್ನ ಹತ್ತಿರ."

"ಆಮೇಲೆ?"

"ಸಾಹೇಬರ ಹತ್ತಿರ."

"ನಿನ್ನೆ ಚೆಂಡು ಎಲ್ಲಿಗೆ ಹೋಯ್ತು?"

ದೋಸೆಯ ತುಂಡು ನನ್ನ ಕೈಯಲ್ಲೇ ಉಳಿಯಿತು. ಹಿಂದಿನ ದಿನದ ಆಟವೆಲ್ಲ ಕಣ್ಣ ಮುಂದೆ ಬಂತು. ನಮ್ಮಲ್ಲಿ ಅತ್ಯಂತ ಚುರುಕಾಗಿ ಓಡುವವನು ರಿಸೀಟ್ ಸೆಕ್ಷನ್ನಿನ ಗುಮಾಸ್ತ. ಎರಡು ಮಕ್ಕಳ ತಂದೆ, ಹರಿಯಾಣದವನು. ಅವನು ಮೂವರನ್ನು ದಾಟಿ ಗೋಲಿನ ಎದುರಿಗೆ ಬಂದಿದ್ದ. ಮುಂದೆ ಗೋಲ್‌ಕೀಪರ್ ಒಬ್ಬನೇ. ಅಲ್ಲಿ ನಿಂತು, ತಿರುಗಿ, ಚೆಂಡನ್ನು ಹಿಂದಿದ್ದ ಸೆಕ್ಷನ್ ಆಫೀಸರಿಗೆ ಕೊಟ್ಟಿದ್ದ. ಅವರು ಅದನ್ನು ಅಷ್ಟೇ ವಿನಯದಿಂದ ಸಾಹೇಬರಿಗೆ ದಾಟಿಸಿದ್ದರು. ಸಾಹೇಬರು ಬರುವಷ್ಟರಲ್ಲಿ ಎದುರಾಳಿಗಳೂ ಬಂದು ಸಾಲಾಗಿ ನಿಂತಿದ್ದರು. ಸಾಹೇಬರು ಬೇವಿನ ಮರಕ್ಕೆ ಒದ್ದಿದ್ದರು. ಇಷ್ಟು ವರ್ಷ ಈ ತಂಡವನ್ನು ನೋಡಿದ್ದೆ. ಇದರಲ್ಲಿ ವಿಚಿತ್ರವೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚೆಂಡು ಸರಿಯಾದ ಮಾರ್ಗದಲ್ಲೇ ಹೋಗುತ್ತಿದೆ ಎಂದುಕೊಂಡಿದ್ದೆ.

"ಹಾಗಾದರೆ ಆ ಗುಮಾಸ್ತನಿಗೆ ಹೇಳು, ಸಾಹೇಬರಿಗೆ ಕೊಡಬೇಡ ಅಂತ."

"ಹೇಳಿದೆ. 'ಜೀ ಮೇಡಂ' ಅಂದ. ಮತ್ತೆ ಅವರಿಗೇ ಕೊಟ್ಟ. ಅವನದೇನೂ ತಪ್ಪಿಲ್ಲ ಬಿಡಿ. ಸೋಮವಾರ ಅವನು ಅದೇ ಕಟ್ಟಡಕ್ಕೆ ಹೋಗಬೇಕಲ್ಲ." ಅವಳು ಲೋಟಗಳನ್ನು ಮತ್ತೆ ಹಿಂದಕ್ಕೆ ಸರಿಸಿದಳು. "ನಿಮ್ಮಲ್ಲಿ ಮೇಲಿನಿಂದ ಕೆಳಗೆ ಬರೋದು ಏನು?"

"ಆರ್ಡರು."

ಅವಳು ಉಪ್ಪಿನಕಾಯಿ ಜಾಡಿಯನ್ನು ಎತ್ತಿ ಚಟ್ನಿಪುಡಿ ಡಬ್ಬಿಯ ಪಕ್ಕದಲ್ಲಿ, ಎಲ್ಲರಿಗಿಂತ ಹಿಂದೆ, ಇಟ್ಟಳು. ಗುಮಾಸ್ತನ ಲೋಟವನ್ನು ಎಲ್ಲರಿಗಿಂತ ಮುಂದೆ ಇಟ್ಟಳು.

"ಅದು ನನ್ನ ಬಾಸ್" ಎಂದೆ.

"ಜಾಡಿ ರೀ ಅದು. ದೋಸೆ ತಿನ್ನಿ, ಆರುತ್ತೆ."

ಸಾಹೇಬರಿಗೆ ಈ ವಿಷಯ ತಿಳಿಸಿದ್ದು ಮಂಗಳವಾರ ಬೆಳಗ್ಗೆ, ಮೈದಾನದಲ್ಲಿ. ನಾನು ಗೌರವಯುತವಾದ ದೂರದಲ್ಲಿ ನಿಂತು ಮರ ನೋಡುತ್ತಿದ್ದೆ. ನಿವೃತ್ತಿಗೆ ಇನ್ನೂ ಒಂದು ವರ್ಷ ಬಾಕಿಯಿದ್ದವನು ಅಂಥ ಹೊತ್ತಿನಲ್ಲಿ ಮರ ನೋಡುವುದೇ ಲೇಸು.

"ಮೇಡಂ, ನಾನು ಕಾಲೇಜಿನಿಂದಲೂ ಫಾರ್ವರ್ಡ್" ಎಂದರು ಸಾಹೇಬರು, ಹಿಂದಿಯಲ್ಲಿ.

"ಗೊತ್ತು ಸರ್. ಆದರೆ ಮುಂದೆ ನಿಂತವರಿಗೆ ಗೋಲುಕಂಬ ಒಂದೇ ಕಾಣುತ್ತೆ. ಇಡೀ ತಂಡ ಕಣ್ಣಿಗೆ ಬೀಳೋದು ಹಿಂದೆ ನಿಂತವರಿಗೆ. ಅಲ್ಲಿಂದ ನೋಡಿ, ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟು, ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳೋರು ಬೇಕು. ಅದು ಎಲ್ಲರ ಕೈಲೂ ಆಗಲ್ಲ."

ಸಾಹೇಬರು ಯೋಚಿಸಿದರು. "ಮತ್‌ಲಬ್, ಸೂಪರ್‌ವೈಸರಿ?"

"ಬಿಲ್‌ಕುಲ್, ಸರ್. ಪೂರಾ ಸೂಪರ್‌ವೈಸರಿ."

"ಅಚ್ಛಾ" ಎಂದರು ಸಾಹೇಬರು. ಆ ಒಂದು ಶಬ್ದದಲ್ಲಿ ಒಪ್ಪಿಗೆ ಎಷ್ಟು, ಮುನಿಸು ಎಷ್ಟು ಎಂದು ಅಳೆಯಲು ನನಗೆ ಆ ವಾರವೆಲ್ಲ ಹಿಡಿಯಿತು. ಆಫೀಸಿನಲ್ಲಿ ನನ್ನ ಕಡತಗಳು ಮಾಮೂಲಿ ವೇಗದಲ್ಲೇ ಬರುತ್ತಿದ್ದವು. ಅದು ಒಳ್ಳೆಯ ಲಕ್ಷಣವೋ ಅಲ್ಲವೋ ಹೇಳುವಂತಿರಲಿಲ್ಲ. ಮೊದಲೂ ಅವು ನಿಧಾನವೇ.

ಅಭ್ಯಾಸದಲ್ಲಿ ಮೊದಲ ಬಾರಿ ಸಾಹೇಬರು ಹಿಂದಿನಿಂದ ಉದ್ದಕ್ಕೆ ಚೆಂಡು ಕಳಿಸಿ, "ಗೋಲ್ ಮಾರೋ!" ಎಂದು ಕೂಗಿದಾಗ ಗುಮಾಸ್ತ ಚೆಂಡನ್ನು ಕಾಲಡಿ ನಿಲ್ಲಿಸಿ, ತಿರುಗಿ, ತನ್ನ ಎದೆ ಮುಟ್ಟಿಕೊಂಡು, "ಸರ್, ಮೈಂ?" ಎಂದು ಕೇಳಿದ. ನನ್ನ ಹೆಂಡತಿ ಸೀಟಿ ಊದಿದಳು. ಮತ್ತೆ ಮಾಡಿಸಿದಳು. ಮತ್ತೆ ಕೇಳಿದ. ಮತ್ತೆ ಸೀಟಿ. ಶುಕ್ರವಾರದ ಹೊತ್ತಿಗೆ ಅವನು ಕೇಳುವುದನ್ನು ಬಿಟ್ಟಿದ್ದ. ಆದರೆ ಒದೆಯುವ ಮುಂಚೆ ಒಮ್ಮೆ ಹಿಂದಿರುಗಿ ನೋಡುವುದು ಬಿಟ್ಟಿರಲಿಲ್ಲ.

ಕೊನೆಯ ಪಂದ್ಯದ ದಿನ ಬಿಸಿಲು ಚೆನ್ನಾಗಿತ್ತು. ಕಮಿಟಿಯವರೆಲ್ಲ ಶಾಲು ಹೊದ್ದು ಸಾಲಾಗಿ ಕೂತಿದ್ದರು. ಸೆಕ್ರೆಟರಿಯ ಪಕ್ಕದಲ್ಲಿ ಟ್ರ್ಯಾಕ್‌ಸೂಟು ತೊಟ್ಟ ಅಪರಿಚಿತನೊಬ್ಬ ಕೂತಿದ್ದ. "ಸುಮ್ಮನೆ ಆಟ ನೋಡೋಕೆ ಬಂದಿದ್ದಾರೆ" ಎಂದರು ಸೆಕ್ರೆಟರಿ, ನಾನು ಕೇಳದಿದ್ದರೂ. ನನ್ನ ಹೆಂಡತಿಯೂ ಅವನನ್ನು ನೋಡಿದಳು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಶೂ, ಕೊರಳಲ್ಲಿ ಸೀಟಿಯ ದಾರ. ಸೆರಗನ್ನು ಸೊಂಟಕ್ಕೆ ಬಿಗಿದು ಗೆರೆಯ ಬಳಿ ಹೋಗಿ ನಿಂತಳು.

ಮೊದಲರ್ಧದಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು. ಅಷ್ಟು ಹೊತ್ತಿಗೆ ಸಾಹೇಬರಿಗೆ ಹಳೆಯ ಹುದ್ದೆಯ ನೆನಪಾಯಿತು. ಮೆಲ್ಲಗೆ ಮುಂದೆ ಸರಿಯುತ್ತಾ ಸರಿಯುತ್ತಾ ಮೈದಾನದ ಆಚೆ ತುದಿಗೇ ಹೋದರು. ಅವರನ್ನು ಅಲ್ಲಿ ಕಂಡದ್ದೇ ತಡ, ಗುಮಾಸ್ತ ಚೆಂಡನ್ನು ಅವರಿಗೆ ಒಪ್ಪಿಸಿದ. ಸಾಹೇಬರು ಒದ್ದರು. ಬೇವಿನ ಮರದಿಂದ ಗಿಣಿಗಳು ಹಾರಿದವು.

"ವೆರಿ ಕ್ಲೋಸ್, ಸರ್!" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅವಳು ತಿರುಗಿ ನನ್ನನ್ನು ನೋಡಿದಳು. ಆ ನೋಟದ ವಿವರ ಇಲ್ಲಿ ಬೇಡ.

ವಿರಾಮದಲ್ಲಿ ಅವಳು ನೇರವಾಗಿ ಸಾಹೇಬರ ಬಳಿ ಹೋದಳು. ಎಲ್ಲರೂ ಕೇಳುವಂತೆ, ಆದರೆ ದನಿ ಏರಿಸದೆ, "ಸರ್, ನೀವು ಮುಂದೆ ಬಂದರೆ ಹಿಂದೆ ಯಾರೂ ಇರಲ್ಲ. ಹಿಂದೆ ಇರ್ತೀರಾ, ಇಲ್ಲ ಹೊರಗೆ ಕೂರ್ತೀರಾ? ಎರಡರಲ್ಲಿ ಒಂದು" ಎಂದಳು. ಯಾರೂ ನೀರು ಕುಡಿಯಲಿಲ್ಲ. ಸಾಹೇಬರು ಕಮಿಟಿಯ ಕಡೆ ನೋಡಿದರು. ಕಮಿಟಿ ಬೂಟುಗಳ ಕಡೆ ನೋಡಿತು. ಕೊನೆಗೆ ಸಾಹೇಬರು ಕಾಲುಚೀಲ ಮೇಲೆಳೆದುಕೊಂಡು, "ಹಿಂದೆ" ಎಂದರು. ಆ ಮನುಷ್ಯನ ಬಗ್ಗೆ ನನಗೆ ಅಂದಿನಿಂದ ನಿಜವಾದ ಗೌರವ ಬಂದಿದೆ. ಅದಕ್ಕೆ ಮೊದಲು ಇದ್ದದ್ದು ನಿಯಮಾನುಸಾರದ ಗೌರವ.

ಎರಡನೆಯ ಅರ್ಧದಲ್ಲಿ ಸಾಹೇಬರು ಹಿಂದಿನಿಂದ ಒಂದು ಚೆಂಡು ಎತ್ತಿ ಕಳಿಸಿದರು. ಎಷ್ಟು ಉದ್ದ, ಎಷ್ಟು ನೇರ! ಇಷ್ಟು ವರ್ಷ ಅದೇ ಬಲ ಬೇವಿನ ಮರದ ಮೇಲೆ ವ್ಯರ್ಥವಾಗುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು. "ಮಾರೋ! ಯೇ ಆರ್ಡರ್ ಹೈ!" ಎಂದು ಗುಡುಗಿದರು. ಗುಮಾಸ್ತ ಆದೇಶ ಪಾಲಿಸಿದ. ಬಲೆ ಅಲುಗಿತು. ನಮ್ಮ ಕಡೆಯವರಿಗೆ ಇದು ಏನೆಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಎಲ್ಲರೂ ಕುಣಿಯುತ್ತಾ ಸಾಹೇಬರನ್ನು ಅಭಿನಂದಿಸಲು ಓಡಿದರು. ಗೋಲು ಹೊಡೆದವನೂ ಅಷ್ಟುದ್ದ ಮೈದಾನ ಓಡಿ ಬಂದು, ಅವರ ಕೈ ಕುಲುಕಿ, "ಬಧಾಯಿ ಹೋ ಸರ್" ಎಂದ.

ಎರಡನೆಯ ಗೋಲು ಬೇರೆ ಥರದ್ದು. ಆಟ ಮುಗಿಯುತ್ತಾ ಬಂದಿತ್ತು. ಚೆಂಡು ಗುಮಾಸ್ತನ ಕಾಲಿಗೆ ಎಲ್ಲಿಂದಲೋ ತಾನಾಗಿ ಸಿಕ್ಕಿತು. ಹಿಂದಿನಿಂದ ಸಾಹೇಬರು, "ರುಕೋ! ಸಾಥ್ ಮೇಂ ಜಾವೋ!" ಎಂದು ಕೂಗುತ್ತಿದ್ದರು. ಅವನು ನಿಲ್ಲಲಿಲ್ಲ. ಹಿಂದಿರುಗಿಯೂ ನೋಡಲಿಲ್ಲ. ಒಬ್ಬನೇ ಹೋಗಿ, ಗೋಲ್‌ಕೀಪರನನ್ನು ಒಂದು ಪಕ್ಕಕ್ಕೆ ಬೀಳಿಸಿ, ಇನ್ನೊಂದು ಪಕ್ಕದಿಂದ ಚೆಂಡನ್ನು ಒಳಗೆ ಕಳಿಸಿದ. ಆಮೇಲೆ ತಾನು ಮಾಡಿದ್ದೇನೆಂದು ಹೊಳೆದು ಅಲ್ಲೇ ನಿಂತುಬಿಟ್ಟ. ಈ ಸಲ ಸಾಹೇಬರೇ ಅವನ ಬಳಿಗೆ ಓಡಿದರು. ಸಾಹೇಬರು ಓಡಿದ್ದನ್ನು ಇಲಾಖೆ ನೋಡಿದ್ದು ಅದೇ ಮೊದಲು.

ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ ಎಂದು ಆಮೇಲೆ ಕೆಲವರು ಹೇಳಿದರು. ಇರಬಹುದು. ನನಗೆ ನೆನಪಿರುವುದು ಗೆರೆಯ ಬಳಿ ನಿಂತ ಅವಳ ಬೆನ್ನು. ಅವಳು ಕುಣಿಯಲಿಲ್ಲ, ಕೈ ಎತ್ತಲಿಲ್ಲ. ಸೆರಗು ಬಿಚ್ಚಿ, ಕಣ್ಣು ಮೂಗು ಒರೆಸಿಕೊಂಡು, ಮತ್ತೆ ಬಿಗಿದು, "ಡಿಫೆನ್ಸ್! ಆಟ ಮುಗಿದಿಲ್ಲ!" ಎಂದು ಕೂಗಿದಳು. ಟ್ರ್ಯಾಕ್‌ಸೂಟಿನವನು ಸೆಕ್ರೆಟರಿಗೆ ಏನೋ ಹೇಳಿ, ಕೈಮುಗಿದು ಹೊರಟುಹೋದ.

ಸೋಮವಾರ ಸಂಜೆ ಕಮಿಟಿ ಸಭೆ ಮುಗಿಸಿ ಸೆಕ್ರೆಟರಿ ಫೋನ್ ಮಾಡಿದರು. ಎಂದಿನಂತೆ ನನಗೇ.

"ಮುಬಾರಕ್ ಹೋ! ನೋಡಿ, ಭಾಭೀಜಿಗೆ ತಿಳಿಸಿಬಿಡಿ..."

"ಕೋಚ್ ಇಲ್ಲೇ ಇದ್ದಾರೆ. ಅವರಿಗೇ ಹೇಳಿ" ಎಂದು ಫೋನನ್ನು ಅವಳ ಕೈಗೆ ಕೊಟ್ಟೆ. ನನ್ನ ಸೇವಾವಧಿಯಲ್ಲಿ ಇಷ್ಟು ಬೇಗ ನಾನು ಯಾವುದನ್ನೂ ವಿಲೇವಾರಿ ಮಾಡಿದ್ದಿಲ್ಲ.

ಅವಳು ಬಾಲ್ಕನಿಗೆ ಹೋಗಿ ಬಹಳ ಹೊತ್ತು ಮಾತಾಡಿದಳು. ನಡುನಡುವೆ "ನಹೀಂ" ಎನ್ನುವುದು ಕೇಳಿಸುತ್ತಿತ್ತು. ಒಳಗೆ ಬಂದಾಗ ಮುಖದಲ್ಲಿ ನಗು ಬಿಗಿಹಿಡಿದಿದ್ದಳು.

"ಮುಂದಿನ ವರ್ಷಕ್ಕೂ ನಾನೇ. ಕಮಿಟಿಯಲ್ಲಿ ಸಾಹೇಬರೇ ಹೆಸರು ಹೇಳಿದರಂತೆ. ಇನ್ನು ಮೇಲೆ ನನ್ನ ನಂಬರಿಗೇ ಫೋನ್ ಮಾಡಿ ಅಂತ ಹೇಳಿದೀನಿ."

"ಮತ್ತೆ ನಹೀಂ ನಹೀಂ ಅಂದದ್ದು?"

"ನಿಮ್ಮನ್ನ ಟೀಮ್ ಮ್ಯಾನೇಜರ್ ಮಾಡೋಣ ಅಂದರು. ಬೇಡ ಅಂದೆ. ಆಟದ ಬಗ್ಗೆ ಅವರಿಗೆ ಅಭಿಪ್ರಾಯ ಜಾಸ್ತಿ ಅಂದೆ."

ಇಲಾಖೆ ಕೈಗೊಂಡ ನೇಮಕಾತಿ ನಿರ್ಧಾರಗಳಲ್ಲಿ ಎರಡು ಒಟ್ಟಿಗೆ ಸರಿಯಾದದ್ದು ಅದೊಂದೇ ಸಲ. ಕೆಳಗಿನ ಮನೆಯವರಿಗೆ ಸುದ್ದಿ ಹೇಳಿಬರಲು ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.